ಬದಲಾವಣೆಯೂ ಮನಸ್ಸೂ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ದುಡಿಯುವ ಸ್ಥಳದಲ್ಲಿ ಹಳೆಯ ಕ್ರಮ ಹೋಗಿ ಹೊಸದು ಬಂದಾಗ ಮನುಷ್ಯನ ಮನಸ್ಸು ಮೊದಲು ಬೆಚ್ಚುತ್ತದೆ. ವಿಚಾರವು ಅನಂತರ ಬರುತ್ತದೆ. ಈ ಅಳುಕನ್ನು ಹಠವೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಕಾಸರಗೋಡಿನವರಾದ ನಮಗೆ ಇದು ಪುಸ್ತಕದ ಮಾತಲ್ಲ. ಐದು ತಿಂಗಳ ಅಂತರದಲ್ಲಿ ಎರಡು ದೊಡ್ಡ ಬದಲಾವಣೆಗಳನ್ನು ಕಂಡ ನಾಡು ನಮ್ಮದು.

ಒಂದು ನಾಣ್ಯದ್ದು. 1957ರ ಎಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯೇ ಪೈಸೆಯಾಯಿತು. ಲೆಕ್ಕದಲ್ಲಿ ಆಣೆಗೆ ಆರೂಕಾಲು ಪೈಸೆ. ಕೈಗೆ ಬರುವುದು ಆರೇ. ನಾಲ್ಕಾಣೆಗೆ 25 ಪೈಸೆ. ಒಂದೊಂದಾಣೆಯಂತೆ ನಾಲ್ಕು ಸಲ ಪಡೆದರೆ 24. ಅಂಗಡಿಯ ಗುಮಾಸ್ತನೂ ಗಿರಾಕಿಯೂ ಪರಸ್ಪರ ಸಂಶಯಪಟ್ಟರೆ ಆಶ್ಚರ್ಯವೇನು? ಆದರೆ ಸರಕಾರವು ಪರಿವರ್ತನೆಯ ಕೋಷ್ಟಕಗಳನ್ನು ಹೊರಡಿಸಿತು. ಹಳೆಯ ನಾಣ್ಯವನ್ನು ಹೊಸದರೊಡನೆ ಕೆಲವು ವರ್ಷ ನಡೆಯಗೊಟ್ಟಿತು. ರೂಪಾಯಿ, ಎಂಟಾಣೆ, ನಾಲ್ಕಾಣೆಗಳ ಬೆಲೆ ಕದಲಲಿಲ್ಲ. ಕೈ ಪಳಗಿತು, ಅಂಜಿಕೆ ಕರಗಿತು. 1964ರ ಜೂನ್ 1ರಂದು ‘ನಯೇ’ ಎಂಬ ವಿಶೇಷಣವೂ ಬಿದ್ದುಹೋಯಿತು.

ಇನ್ನೊಂದು ಭಾಷೆಯದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕಾಗದಪತ್ರಗಳ ಭಾಷೆ ಬದಲಾದರೆ ಗುಮಾಸ್ತನ ಜೀವಮಾನದ ನೈಪುಣ್ಯ ಬೆಲೆಗೆಡುತ್ತದೆ. ಅರ್ಜಿ ಹಿಡಿದು ಬಂದ ರೈತನು ತನ್ನ ಊರಿನಲ್ಲೇ ಪರಕೀಯನಾಗುತ್ತಾನೆ. ಹಳೆಯ ನಾಣ್ಯವನ್ನು ಕೊಟ್ಟು ಹೊಸದನ್ನು ಪಡೆಯಬಹುದು. ಮಾತೃಭಾಷೆಯನ್ನು ಹಾಗೆ ವಿನಿಮಯ ಮಾಡಲಾಗದು. ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರು ತಮ್ಮ ನುಡಿಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ನುಡಿಯಲ್ಲಿ ಬರತಕ್ಕದ್ದು ಎಂದು ಕೇರಳದ ರಾಜಭಾಷಾ ಶಾಸನವು ವಿಧಿಸಿದ್ದು 1969ರಲ್ಲಿ. ನಾಣ್ಯಕ್ಕೆ ಮೊದಲ ದಿನವೇ ದೊರೆತ ಸೇತುವೆಯು ಭಾಷೆಗೆ ಶಾಸನದಲ್ಲಿ ದೊರೆಯಲು ಹದಿಮೂರು ವರ್ಷ ಹಿಡಿಯಿತು.

ಇದರಿಂದ ನಾವು ಕಲಿಯತಕ್ಕುದೇನು? ಬದಲಾವಣೆಯನ್ನು ತರುವವರು ಏನು ಬದಲಾಗುವುದಿಲ್ಲವೆಂಬುದನ್ನು ಮೊದಲು ಹೇಳಬೇಕು. ಕಲಿಯಲು ಕಾಲವನ್ನೂ ಕಲಿಸುವವರನ್ನೂ ಒದಗಿಸಬೇಕು. ಅಳುಕಿದವನ ಮಾತನ್ನು ಕೇಳಬೇಕು, ಏಕೆಂದರೆ ಆಣೆಗೆ ಕಾಲು ಪೈಸೆ ಕಳೆಯುವುದನ್ನು ಮೊದಲು ಕಾಣುವವನು ಅವನೇ. ನಾವಾದರೋ ಹೊಸದನ್ನು ಕಲಿಯಲು ಹಿಂಜರಿಯಬಾರದು. ಮಲಯಾಳವನ್ನು ಕಲಿತಂತೆಯೇ ಇಂದು ಕಂಪ್ಯೂಟರನ್ನೂ ಕಲಿಯೋಣ. ಕಲಿಯುವುದು ಬೇರೆ, ಕಳೆದುಕೊಳ್ಳುವುದು ಬೇರೆ. ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯುವ, ಬರೆಯಲಾರದವರಿಗೆ ಬರೆದುಕೊಡುವ ಕೆಲಸವನ್ನು ನಮ್ಮ ಸಂಘವು ಈ ವರ್ಷ ಕೈಗೊಳ್ಳಲೆಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.