ಕೊಬ್ಬರಿ ಧಾರಣೆ: ಪರದೆಯ ಆಚೆ ಕೊಳ್ಳುವವರು ಯಾರು?



 ಬೋರನಕಣಿವೆಯ ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಹಿರಿಯರಿಗೆ ವೇದಿಕೆಯ ಹೊಗಳಿಕೆ ಆಗಿಬರುತ್ತಿರಲಿಲ್ಲವಂತೆ. ಹಾರತುರಾಯಿಯ ಮಾತು ಬಿಟ್ಟು ನೇರವಾಗಿ ಲೆಕ್ಕಕ್ಕೆ ಬಂದರೆ ಅವರೂ ಒಪ್ಪಿಯಾರು.

ಡಿಜಿಟಲ್ ತಂತ್ರಜ್ಞಾನ ದೇಶದೇಶಗಳ ವ್ಯಾಪಾರವನ್ನು ಬದಲಿಸಿದ ಕಥೆ ಕಾಲೇಜಿನ ಪಠ್ಯಪುಸ್ತಕಗಳಲ್ಲೇ ಇದೆ. ವಿದ್ಯುನ್ಮಾನ ರವಾನೆಗೆ ಸುಂಕ ಹಾಕುವುದಿಲ್ಲವೆಂದು ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯರು 1998ರಲ್ಲಿ ಒಪ್ಪಿದರು. ಆ ಒಪ್ಪಂದ ಸಭೆಯಿಂದ ಸಭೆಗೆ ಮುಂದುವರಿದು, ಭಾರತದ ತಕರಾರಿನ ನಡುವೆಯೂ 2024ರಲ್ಲಿ ಅಬುಧಾಬಿಯಲ್ಲಿ ಇನ್ನೊಮ್ಮೆ ವಿಸ್ತರಣೆ ಪಡೆಯಿತು. ನಮ್ಮ 2023ರ ವಿದೇಶ ವ್ಯಾಪಾರ ನೀತಿ ಇ-ಕಾಮರ್ಸ್ ರಫ್ತಿಗೆಂದೇ ಒಂದು ಅಧ್ಯಾಯ ಇಟ್ಟಿತು. ಕೊರಿಯರ್‌ನಲ್ಲಿ ಒಮ್ಮೆಗೆ ಕಳಿಸಬಹುದಾದ ಸರಕಿನ ಮಿತಿಯನ್ನು 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು. ಅಂಚೆ ಕಚೇರಿಗಳಲ್ಲಿ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ತೆರೆದವು. ಪೀಠಿಕೆಗೆ ಇಷ್ಟು ಸಾಕು.

ನನ್ನ ಜಗಳ ಇರುವುದು ಬೇರೆ ಕಡೆ. ಮಾರುಕಟ್ಟೆಗೆ ಆನ್‌ಲೈನ್ ಟೆಂಡರಿನ ಪರದೆ ಬಂದದ್ದರಿಂದ ರೈತನಿಗೆ ಧಾರಣೆ ಬಂತು ಎನ್ನುವ ಮಾತು ಈಗ ಸಭೆಗಳಲ್ಲಿ ಮಂತ್ರದಂತೆ ಕೇಳುತ್ತದೆ. ಕರ್ನಾಟಕ ಈ ದಾರಿಯಲ್ಲಿ ಮೊದಲು ಹೊರಟ ರಾಜ್ಯ ನಿಜ. ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ ಕಟ್ಟಿ, 2014ರಲ್ಲೇ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಶುರು ಮಾಡಿತು; ಕೇಂದ್ರದ ಇ-ನಾಮ್ ಬಂದದ್ದು 2016ರ ಏಪ್ರಿಲ್‌ನಲ್ಲಿ. ಕರ್ನಾಟಕದ ವೇದಿಕೆಯಿಂದ ಎರಡು ವರ್ಷದಲ್ಲಿ ಬೆಲೆ ಶೇ. 38ರಷ್ಟು ಏರಿತೆಂಬ ಅಂಕಿ ಆಗ ದೆಹಲಿಯವರೆಗೂ ಓಡಾಡಿತು. ಆದರೆ ಆ ಏರಿಕೆಯಲ್ಲಿ ಬರದ ಪಾಲೆಷ್ಟು, ಹಣದುಬ್ಬರದ ಪಾಲೆಷ್ಟು, ಪರದೆಯ ಪಾಲೆಷ್ಟು? ಬೇರೆಬೇರೆ ಮಾಡಿ ತೂಗದೆ ಎಲ್ಲವನ್ನೂ ಪರದೆಯ ಖಾತೆಗೆ ಜಮಾ ಮಾಡುವುದು ಯಾವ ಲೆಕ್ಕ? 2020ರಲ್ಲಿ ಅಮೆರಿಕದ ಪಿಎನ್ಎಎಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹಾಗೆ ತೂಗಿ ನೋಡಿತು. ಭತ್ತಕ್ಕೆ ಶೇ. 5.1, ಶೇಂಗಾಕ್ಕೆ 3.6, ಮೆಕ್ಕೆಜೋಳಕ್ಕೆ 3.5 ಏರಿಕೆ ಸಿಕ್ಕಿತು. ಹತ್ತಿ, ಹೆಸರು, ತೊಗರಿಗೆ ಹೇಳಿಕೊಳ್ಳುವಂಥ ಪರಿಣಾಮವೇ ಇಲ್ಲ. 38 ಎಲ್ಲಿ, 5 ಎಲ್ಲಿ! ಈ ಆರು ಬೆಳೆಗಳಲ್ಲಿ ನಮ್ಮ ಕೊಬ್ಬರಿ ಇಲ್ಲವೆಂಬುದನ್ನೂ ಗಮನಿಸಿ.

ಕೊಬ್ಬರಿಯ ಗುಣವೇ ಬೇರೆ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟಾಗ ನೀರು ಇಂಗಿ, ತಿರುಳು ಚಿಪ್ಪು ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಟಲೊಟ ಎನ್ನಬೇಕು. ಸುಲಿದು, ಚಿಪ್ಪು ಒಡೆದ ಮೇಲೆ ಉಂಡೆ ಯಾವುದು, ಹೋಳು ಯಾವುದು, ವಾಸನೆ ಹಿಡಿದ ಕೌಟು ಯಾವುದೆಂದು ತೀರ್ಮಾನಿಸುವುದು ಕೈ, ಕಣ್ಣು, ಮೂಗು. ತಿಪಟೂರು ಮಾರುಕಟ್ಟೆಯಲ್ಲಿ ಟೆಂಡರ್ ದಿನ ನಿಂತು ನೋಡಿ. ಲಾಟಿನ ಮುಂದೆ ಬಂದ ರವಾನೆದಾರ ಚೀಲಕ್ಕೆ ಕೈ ಇಳಿಸಿ, ಅಡಿಯಿಂದ ಒಂದು ಉಂಡೆ ತೆಗೆದು, ಒಡೆದು, ಮೂಸಿ, ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಮೊಬೈಲಿನಲ್ಲಿ ಬೆಲೆ ಒತ್ತುತ್ತಾನೆ. ಒತ್ತುವುದು ಡಿಜಿಟಲ್, ಮೂಸುವುದು ನಮ್ಮ ಅಜ್ಜಂದಿರ ಕಾಲದ್ದು.

ನನ್ನ ವಾದವೆಲ್ಲ ಇಲ್ಲಿದೆ. ಒಂದೇ ಲೈಸೆನ್ಸಿನಲ್ಲಿ ರಾಜ್ಯದ ಯಾವ ಮಾರುಕಟ್ಟೆಯಲ್ಲಾದರೂ ಕೊಳ್ಳಬಹುದೆಂದು ಕಾನೂನು ಹೇಳುತ್ತದೆ. ಆದರೆ ಮೂಸಲು ಬಾರದವನು ದೂರದಿಂದ ಹೇಗೆ ಬೆಲೆ ಕೂಗಿಯಾನು? ಉಂಡೆ ಕೊಬ್ಬರಿ ಒಣಹಣ್ಣಿನ ಹಾಗೆ ತಿನ್ನಲಿಕ್ಕೆ, ಮದುವೆ ಹಬ್ಬಗಳಿಗೆ ಉತ್ತರ ಭಾರತಕ್ಕೆ ಹೋಗುವ ಸರಕು. ದೆಹಲಿಯ ಕೊಳ್ಳುಗ ಇವತ್ತಿಗೂ ತಿಪಟೂರಿನ ರವಾನೆದಾರನ ಮೂಗನ್ನೇ ನಂಬಿದ್ದಾನೆ. ಪರದೆಯ ಆಚೆ ಇರುವವರು ಹಿಂದೆ ಪ್ರಾಂಗಣದಲ್ಲಿ ಕೂಗುತ್ತಿದ್ದವರೇ.

ಪರದೆಯೇ ಬೆಲೆ ತರುವುದಾದರೆ ಇನ್ನೊಂದಕ್ಕೂ ಉತ್ತರ ಹೇಳಬೇಕು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ 8,000ದ ಆಸುಪಾಸಿಗೆ ಕುಸಿಯಿತು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಎರಡೂ ಸಲ ಇದ್ದದ್ದು ಅದೇ ಪರದೆ. ಏರಿಕೆಯ ಕೀರ್ತಿ ಬೇಕೆನ್ನುವವರು ಇಳಿಕೆಯ ಅಪಕೀರ್ತಿಯನ್ನೂ ಹೊರಲಿ. ಬೆಲೆಯನ್ನು ಎತ್ತಿದ್ದು ಇಳುವರಿಯ ಕುಸಿತ, ಗರಿಯ ರಸ ಹೀರಿದ ಬಿಳಿನೊಣ, ಎಳನೀರಿಗೆಂದು ಹೋದ ಕಾಯಿ. ಜೊತೆಗೆ 2024ರ ಸೆಪ್ಟೆಂಬರಿನಲ್ಲಿ ಕೊಬ್ಬರಿ ಎಣ್ಣೆಯ ಜೊತೆ ಪೈಪೋಟಿಗಿರುವ ಕಚ್ಚಾ ತಾಳೆ ಎಣ್ಣೆಯ ಆಮದು ಸುಂಕ ಶೇ. 5.5ರಿಂದ 27.5ಕ್ಕೆ ಏರಿತ್ತು. ನಮ್ಮ ಅಟ್ಟದ ಮೇಲಿನ ಕಾಯಿಗೆ ನಿಜವಾದ ಅಂತಾರಾಷ್ಟ್ರೀಯ ವ್ಯಾಪಾರ ಮುಟ್ಟುವುದು ಹೀಗೆ, ಮಲೇಷ್ಯಾ, ಇಂಡೊನೇಷ್ಯಾಗಳ ಎಣ್ಣೆಯ ಮೂಲಕ.

ಡಿಜಿಟಲ್ ಏನನ್ನೂ ಮಾಡಿಲ್ಲ ಎನ್ನುವ ಹಳೆಯ ಮಂಡಿಯವರ ಜೊತೆಗೂ ನಾನಿಲ್ಲ. ಹಿಂದೆ ದಲ್ಲಾಲರು ಬರೆದುಕೊಟ್ಟ ಬಿಳಿಚೀಟಿಯೇ ರೈತನ ದಾಖಲೆ. ಇಂದು ಲಾಟಿನ ಬೆಲೆ ದಾಖಲಾಗುತ್ತದೆ, ಒಪ್ಪದಿದ್ದರೆ ಮಾರದೆ ಇರಬಹುದು, ಅರಸೀಕೆರೆಯ ಧಾರಣೆ ಅದೇ ಮಧ್ಯಾಹ್ನ ತುರುವೇಕೆರೆಯ ತೋಟದವನ ಫೋನಿಗೆ ಬಂದು ಬೀಳುತ್ತದೆ. ಇದು ಸಣ್ಣ ಲಾಭವಲ್ಲ. ಮಂಡಿಯನ್ನು ಒಳಗಿನಿಂದ ಕಂಡಿದ್ದ ಈ ದತ್ತಿಯ ಹಿರಿಯರಿದ್ದರೆ ಈ ಮಾತಿಗೆ ತಲೆದೂಗುತ್ತಿದ್ದರೆಂದು ನಂಬಿದ್ದೇನೆ.

ಇನ್ನು, ಮಂಡಿಯೇ ಬೇಡ, ಮನೆಯಿಂದಲೇ ಅಮೆರಿಕಕ್ಕೆ ಪಾರ್ಸೆಲ್ ಮಾಡಿ ಎನ್ನುವ ಉತ್ಸಾಹಿಗಳು. ಕೊಬ್ಬರಿ ಮಿಠಾಯಿ, ಗಾಣದ ಎಣ್ಣೆ, ಚಿಪ್ಪಿನ ಬಟ್ಟಲು ಹೀಗೆ ಹೋಗಬಹುದು, ಸಂತೋಷ. ಆದರೆ ಆ ದಾರಿ ಎಷ್ಟು ತೆಳುವೆಂದು 2025ರ ಆಗಸ್ಟ್ ತೋರಿಸಿತು. 800 ಡಾಲರ್‌ವರೆಗಿನ ಪಾರ್ಸೆಲ್ಲಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ತೆಗೆದುಹಾಕಿತು. ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ಕಳಿಸುವುದನ್ನೇ ಅಕ್ಟೋಬರ್ ಮಧ್ಯದವರೆಗೆ ನಿಲ್ಲಿಸಬೇಕಾಯಿತು. ಜಾಲತಾಣದಲ್ಲಿ ಅಂಗಡಿ ತೆರೆದೇ ಇತ್ತು, ಸರಕು ಹೊರಡಲಿಲ್ಲ.

ಹಾಗಾದರೆ ಏನು ಬೇಕು? ಸರ್ಕಾರದ ಪರವಾಗಿ ನಾಫೆಡ್ ಬೆಂಬಲ ಬೆಲೆಗೆ ಕೊಳ್ಳುವಾಗ ಉಂಡೆಯ ಗಾತ್ರ 75 ಮಿಲಿಮೀಟರ್ ಇರಬೇಕು, ತೇವ ಇಷ್ಟರೊಳಗಿರಬೇಕು ಎಂದು ಬರೆದಿಟ್ಟ ಅಳತೆ ಇದೆ. ಆ ಅಳತೆಯನ್ನು ಬೈದವರಲ್ಲಿ ನಾನೂ ಒಬ್ಬ, ಸಣ್ಣ ಉಂಡೆಯವರಿಗೆ ಅದರಿಂದ ಅನ್ಯಾಯವಾಗುತ್ತದೆ. ಆದರೂ ಬರೆದಿಟ್ಟ ಅಳತೆ ಎಂಬುದೇ ದೊಡ್ಡದು. ಗಾತ್ರ, ತೇವ, ಕೌಟಿನ ಪ್ರಮಾಣವನ್ನು ಪರೀಕ್ಷಿಸಿ ಲಾಟಿನ ಸಂಖ್ಯೆಯ ಜೊತೆಗೇ ಪರದೆಗೆ ಹಾಕಿದರೆ, ಜೈಪುರದವನೋ ದುಬೈನವನೋ ಮೂಸದೆ ಕೊಳ್ಳಬಲ್ಲ. ಪೈಪೋಟಿ ಹುಟ್ಟುವುದು ಆಗ.

ಈ ಸಭೆಯಲ್ಲಿ ಎಪಿಎಂಸಿ ಸದಸ್ಯರೂ ರೈತ ಉತ್ಪಾದಕರ ಕಂಪನಿಗಳವರೂ ಇದ್ದೀರಿ. ಮುಂದಿನ ಬಜೆಟ್ಟಿಗೆ ಬೇಡಿಕೆ ಬರೆಯುವಾಗ ಇನ್ನೊಂದು ಆ್ಯಪ್ ಕೇಳಬೇಡಿ. ಹುಳಿಯಾರಿನಲ್ಲೊಂದು, ತುರುವೇಕೆರೆಯಲ್ಲೊಂದು, ತಿಪಟೂರಿನಲ್ಲೊಂದು ಕೊಬ್ಬರಿ ಪರೀಕ್ಷಾ ಕೊಠಡಿ ಕೇಳಿ. ಅದರ ಫಲಿತಾಂಶ ಟೆಂಡರ್ ತೆರೆಯುವ ಮೊದಲೇ ಪರದೆಯ ಮೇಲೆ ಬರಬೇಕೆಂದು ಪಟ್ಟು ಹಿಡಿಯಿರಿ.