ಗುರಿಗೆಂದೇ ಹುಟ್ಟಿದ ಪಿಸ್ತೂಲು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬಂದೂಕು ಎಂದ ಕೂಡಲೇ ಜನರ ಕಣ್ಣಮುಂದೆ ಬರುವುದು ಎರಡು ಚಿತ್ರ. ಒಂದು ಕೋಟೆಯ ಕಾಳಗ, ಇನ್ನೊಂದು ವಾಡೆಯ ಗೋಡೆಗೆ ತೂಗುಹಾಕಿದ ಹಳೆಯ ಕೋವಿ. ಇವತ್ತು ನಾನು ಹೇಳಹೊರಟಿರುವುದು ಇವೆರಡಕ್ಕೂ ಸೇರದ ಒಂದು ಆಯುಧದ ಕಥೆ. ಅದು ಕಾಗದದ ಮೇಲಿನ ಕಪ್ಪು ವೃತ್ತದ ನಟ್ಟನಡುವೆ ಗುಂಡು ಕೂರಿಸಲೆಂದೇ ತಯಾರಾದ ಪಿಸ್ತೂಲು. ಅಂಥದ್ದೊಂದು ಅಪರೂಪದ ಪಿಸ್ತೂಲನ್ನು ಇಟ್ಟುಕೊಳ್ಳುವುದೆಂದರೇನು, ಅದಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದು ಇವತ್ತಿನ ವಿಷಯ. ಅಲ್ಲಿಗೆ ಮುಟ್ಟಬೇಕಾದರೆ ನಮ್ಮ ನೆಲದಿಂದಲೇ ಹೊರಡಬೇಕು.

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ. ಆ ಮುತ್ತಿಗೆಯ ವಿವರವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ಕೋಟೆಯೊಳಗಿನವರು ಗೋಡೆಯ ಮೇಲೆ ಎದೆಯೊಡ್ಡಿ ನಿಂತು ಕಾದುತ್ತಿದ್ದರು. ಕೆಳಗಿನಿಂದ ಒಬ್ಬೊಬ್ಬರನ್ನೇ ಆರಿಸಿ ಹೊಡೆಯಬಲ್ಲ ಆಯುಧವೊಂದಿದೆ ಎಂಬುದು ಅವರ ಎಣಿಕೆಯಲ್ಲೇ ಇರಲಿಲ್ಲ. ರಾಯನ ಕಡೆಗೆ ಬಂದು ಸೇರಿದ್ದ ಕ್ರಿಸ್ಟೋವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ಗುರಿಯಿಟ್ಟು ಹೊಡೆಯಲಾರಂಭಿಸಿದಾಗ ಗೋಡೆ ಕಾಯುವವರು ಉರುಳತೊಡಗಿದರು. ಉಳಿದವರು ತಲೆ ತಗ್ಗಿಸಿದರು. ಆ ಹೊತ್ತಿನಲ್ಲಿ ಕೆಳಗಿದ್ದ ಕಾಲಾಳುಗಳು ಗೋಡೆಯ ಕಲ್ಲು ಕಿತ್ತರು. ಆ ಕೆಲಸಕ್ಕೆ ದಾರಿ ಮಾಡಿಕೊಟ್ಟದ್ದು ಕೈಯಲ್ಲಿ ಹಿಡಿದ ನಳಿಗೆಯ ಗುರಿ. ನಮ್ಮ ಸೀಮೆಯ ಚರಿತ್ರೆಯಲ್ಲಿ ಗುರಿಗೆ ಸಿಕ್ಕ ಮೊದಲ ದೊಡ್ಡ ಮನ್ನಣೆ ಇದು ಎಂದು ನಾನು ತಿಳಿಯುತ್ತೇನೆ.

ಮುಂದಿನ ಶತಮಾನಗಳನ್ನು ಬೇಗ ದಾಟುತ್ತೇನೆ. 1786ರಲ್ಲಿ ಟಿಪ್ಪು ಸುಲ್ತಾನ ಕೊಪ್ಪಳವನ್ನು ಪಾಳೇಗಾರನಿಂದ ಕಸಿದುಕೊಂಡು, ಫ್ರೆಂಚ್ ಎಂಜಿನಿಯರುಗಳ ಕೈಯಲ್ಲಿ ಕೋಟೆಯನ್ನು ಹೊಸದಾಗಿ ಕಟ್ಟಿಸಿದ. 1790ರಲ್ಲಿ ಮುತ್ತಿಗೆ ಹಾಕಿದ ನಿಜಾಮನ ಮತ್ತು ಇಂಗ್ಲಿಷರ ಸೈನ್ಯ ಆರು ತಿಂಗಳು ಕಾದು ಅದನ್ನು ಹಿಡಿಯಿತು. 1819ರಲ್ಲಿ ವೀರಪ್ಪ ಎಂಬವನು ಇದೇ ಕೋಟೆಯಲ್ಲಿ ಬಂಡೆದ್ದ.

ನಿಲ್ಲಬೇಕಾದದ್ದು 1857ರ ಹತ್ತಿರ. ಆ ವರ್ಷ ಕಂಪನಿ ಸರ್ಕಾರ ಆಯುಧ ಒಪ್ಪಿಸುವ ಕಾನೂನು ತಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಮೈಯ ಇನ್ನೊಂದು ಅಂಗ. ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಹಿಡಿದವರನ್ನು ನೇಣಿಗೇರಿಸಿದರು. ಲಾವಣಿಕಾರರು ಆ ಕಥೆಯನ್ನು ಇವತ್ತಿಗೂ ಹಾಡುತ್ತಾರೆ. ಮರುವರ್ಷದ ಬೇಸಿಗೆಯಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗೆಯ ಕೆಂಚನಗೌಡ ಇಬ್ಬರೂ ಬಂಡೆದ್ದರು. ಹಮ್ಮಿಗೆಯಲ್ಲಿ ಕೂಡಿಟ್ಟಿದ್ದ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದದ್ದೇ ಕಿಡಿ ಹೊತ್ತಲು ಕಾರಣವಾಯಿತು. ಡಂಬಳದ ಖಜಾನೆ ಒಡೆದು, ನಿಜಾಮನ ಗಡಿ ದಾಟಿ ಬಂದು ಕೊಪ್ಪಳ ಕೋಟೆ ಹಿಡಿದರು. ಜೂನ್ ಆರಂಭದಲ್ಲಿ ಕೋಟೆ ಬಿತ್ತು, ಭೀಮರಾಯ ಅಲ್ಲಿಯೇ ಮಡಿದ. ಆಯುಧದ ಒಡೆತನಕ್ಕಾಗಿ ಪ್ರಾಣ ಕೊಟ್ಟ ನೆಲ ನಮ್ಮದು. ಬ್ರಿಟಿಷ್ ಆಡಳಿತದ ಸೀಮೆಗಳಲ್ಲಿ 1878ರ ಶಸ್ತ್ರ ಕಾಯಿದೆ ಬಂದ ಮೇಲೆ ಕೋವಿಯ ಜೊತೆಗೆ ಕಾಗದವೂ ಬೇಕಾಯಿತು. ಲೈಸೆನ್ಸ್ ಇದ್ದವನು ಊರಿಗೆ ದೊಡ್ಡವನು ಎಂಬ ಭಾವನೆ ಬೇರುಬಿಟ್ಟದ್ದು ಆ ಕಾಲದಲ್ಲಿ. ಕೋವಿ ಪ್ರತಿಷ್ಠೆಯ ವಸ್ತುವಾಯಿತು. ಗುರಿ ಕಲಿಯುವುದು ಹಿಂದೆ ಬಿತ್ತು.

ಈ ಪ್ರತಿಷ್ಠೆಯ ಇನ್ನೊಂದು ಮುಖ ಹೈದರಾಬಾದಿನಲ್ಲಿತ್ತು. ನಿಜಾಮರ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ತಾಲೂಕುಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. ಗಂಗಾವತಿ, ಕುಷ್ಟಗಿ ಆ ಜಹಗೀರಿನ ಹೊರಗಿದ್ದವು. ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ ಜಗತ್ತಿನ ಮೂಲೆಮೂಲೆಯಿಂದ ಅಪರೂಪದ ವಸ್ತು ತರಿಸಿದ ಸಂಗ್ರಾಹಕ. 1949ರಲ್ಲಿ ಅವರು ತೀರಿಕೊಂಡ ಮೇಲೆ, 1951ರ ಡಿಸೆಂಬರಿನಲ್ಲಿ ಆ ಸಂಗ್ರಹ ವಸ್ತುಸಂಗ್ರಹಾಲಯವಾಯಿತು. ಅಲ್ಲಿನ ಆಯುಧಗಳ ವಿಭಾಗದಲ್ಲಿ ನಿಂತಾಗ ನಮ್ಮ ಮಳೆಯಾಶ್ರಿತ ಜೋಳದ ಹೊಲಗಳ ಕಂದಾಯವೂ ಆ ಜಹಗೀರಿಗೆ ಸೇರಿತ್ತೆಂಬುದು ನೆನಪಾಗುತ್ತದೆ. ಆಯುಧದ ಕುಸುರಿ, ಹಿಂದಿನ ಒಡೆಯನ ಹೆಸರು, ವಂಶದ ಕಥೆ: ಹಳೆಯ ಸಂಗ್ರಾಹಕರು ಬೆಲೆ ಕಟ್ಟುತ್ತಿದ್ದದ್ದು ಇವುಗಳಿಗೆ. ಗುರಿಯ ಪಿಸ್ತೂಲು ಈ ಲೆಕ್ಕವನ್ನು ತಲೆಕೆಳಗು ಮಾಡಿತು.

ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು ಹಾರಿ, ಅದರ ಒತ್ತಡಕ್ಕೇ ಸ್ಲೈಡ್ ಹಿಂದೆ ಸರಿದು, ಖಾಲಿ ತೋಟಾ ಹೊರಗೆ ಚಿಮ್ಮಿ, ಸ್ಪ್ರಿಂಗಿನ ಬಲದಿಂದ ಮುಂದಿನ ತೋಟಾ ನಳಿಗೆಗೆ ಬಂದು ಕೂರುವ ಪಿಸ್ತೂಲನ್ನು ಅರೆಸ್ವಯಂಚಾಲಿತ ಎನ್ನುತ್ತೇವೆ. ಅಮೆರಿಕದ ಕೋಲ್ಟ್ ಕಂಪನಿ 1915ರಲ್ಲಿ .22 ಬೋರಿನ ಇಂಥ ಪಿಸ್ತೂಲು ತಂದಿತು. ಅದಕ್ಕೆ ಆಮೇಲೆ ವುಡ್ಸ್‌ಮನ್ ಎಂಬ ಹೆಸರು ಬಂತು. ಜರ್ಮನಿಯ ಜೆಲ್ಲಾ-ಮೆಹ್ಲಿಸ್ ಊರಿನ ವಾಲ್ಟರ್ ಕಂಪನಿ 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಒಲಿಂಪಿಯಾ ಎಂಬ ಪಿಸ್ತೂಲು ಸಿದ್ಧಮಾಡಿತು. ಮಹಾಯುದ್ಧ ಮುಗಿದಾಗ ಜೆಲ್ಲಾ-ಮೆಹ್ಲಿಸ್ ಸೋವಿಯತ್ ವಲಯಕ್ಕೆ ಸೇರಿತು, ಕಾರ್ಖಾನೆ ಕೈತಪ್ಪಿತು. ಉಳಿದದ್ದು ವಿನ್ಯಾಸದ ಹಕ್ಕು ಮಾತ್ರ. ಅದನ್ನು ಪಡೆದ ಸ್ವಿಟ್ಜರ್ಲೆಂಡಿನ ಲೆನ್ಜ್‌ಬರ್ಗ್ ಊರಿನ ಹೆಮ್ಮರ್ಲಿ ಕಂಪನಿ ಅದೇ ಪಿಸ್ತೂಲನ್ನು ಮುಂದುವರಿಸಿತು. 1960ರ ದಶಕದಲ್ಲಿ ಹೆಮ್ಮರ್ಲಿ ಹೊರತಂದ 208 ಮಾದರಿಯನ್ನು ಬಲ್ಲವರು ಇಂದಿಗೂ ಗೌರವದಿಂದ ಕೈಗೆತ್ತಿಕೊಳ್ಳುತ್ತಾರೆ. ಅದರ ತಯಾರಿಕೆ ನಿಂತು ಎರಡು ದಶಕ ದಾಟಿದೆ.

ಈ ಚರಿತ್ರೆಯಲ್ಲಿ ಇಬ್ಬರನ್ನು ಹೆಸರಿಸದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಹಂಗೇರಿಯ ಕಾರೊಯ್ ಟಕಾಚ್ ಸೈನ್ಯದಲ್ಲಿದ್ದವನು. 1938ರಲ್ಲಿ ಕೆಟ್ಟ ಕೈಬಾಂಬೊಂದು ಸಿಡಿದು ಗುರಿಯಿಡುತ್ತಿದ್ದ ಬಲಗೈ ಹೋಯಿತು. ಎಡಗೈಯಲ್ಲಿ ಮೊದಲಿನಿಂದ ಕಲಿತು 1948ರ ಲಂಡನ್, 1952ರ ಹೆಲ್ಸಿಂಕಿ ಎರಡೂ ಒಲಿಂಪಿಕ್ಸ್‌ಗಳಲ್ಲಿ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದ. ಇನ್ನೊಬ್ಬ ರಷ್ಯದ ಮಿಖಾಯಿಲ್ ಮಾರ್ಗೋಲಿನ್. ತಲೆಗೆ ಗಾಯವಾಗಿ ಎರಡೂ ಕಣ್ಣು ಕಳೆದುಕೊಂಡವನು. ಮಾದರಿಗಳನ್ನು ಬೆರಳಿನಿಂದ ತಡವಿ ತಿದ್ದುತ್ತ ಅವನು ರೂಪಿಸಿದ .22 ಪಿಸ್ತೂಲನ್ನು ಜಗತ್ತಿನ ಎಷ್ಟೋ ಕ್ಲಬ್ಬುಗಳಲ್ಲಿ ದಶಕಗಳ ಕಾಲ ಬಳಸಿದರು. ಗುರಿಯ ಪಿಸ್ತೂಲು ತಯಾರಿಸಲು ಸ್ಪರ್ಶಜ್ಞಾನ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪಿಸ್ತೂಲಿನ ಹಿಡಿಯನ್ನು ಹತ್ತಿರದಿಂದ ನೋಡೋಣ. ಆಕ್ರೋಟು ಮರದ ಹಿಡಿ. ಅಂಗೈ ಕೂರುವ ಕಡೆ ಒಂದು ದಿಂಡು, ಹೆಬ್ಬೆರಳಿಗೆ ಒಂದು ತಗ್ಗು, ಕಿರುಬೆರಳಿನ ಕೆಳಗೆ ಮೇಲೆ ಕೆಳಗೆ ಸರಿಯುವ ಒಂದು ಹಲಗೆ. ಕಾರ್ಖಾನೆಯಿಂದ ಬಂದ ಹಿಡಿ ಯಾರ ಕೈಗೂ ಪೂರ್ತಿ ಒಗ್ಗುವುದಿಲ್ಲ. ಆಟಗಾರ ಮೊದಲು ಅರದಿಂದ ಒಂದಿಷ್ಟು ಕೆರೆಯುತ್ತಾನೆ. ಆಮೇಲೆ ಮರದ ಪುಟ್ಟಿ ಮೆತ್ತಿ, ಹಸಿಯಿರುವಾಗಲೇ ಕೈಯೊತ್ತಿ ಅಚ್ಚು ಮೂಡಿಸುತ್ತಾನೆ. ಒಣಗಿದ ಮೇಲೆ ಮತ್ತೆ ಅರ, ಮತ್ತೆ ಪುಟ್ಟಿ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆಬೀಜದ ಸರಿ, ಮರದ ಹೊಟ್ಟು ಕಲಸಿದ ಕಿಟ್ಟ ಮೆತ್ತಿ ಮೈ ತುಂಬಿಸುವುದನ್ನು ನೋಡಿದವರಿಗೆ ಈ ಕೆಲಸ ಹೊಸದೆನಿಸದು. ಇನ್ನು ಟ್ರಿಗರ್. 25 ಮೀಟರ್ ಸ್ಪರ್ಧೆಯಲ್ಲಿ ಅದು ಕನಿಷ್ಠ 1000 ಗ್ರಾಂ ಒತ್ತಡ ತಡೆಯಬೇಕು. ಸ್ಪರ್ಧೆಗೆ ಮುಂಚೆ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ ಒಂದು ಕಿಲೋ ತೂಕ ಸಿಕ್ಕಿಸಿ ಎತ್ತಿ ನೋಡುತ್ತಾರೆ. ಜಾರಿದರೆ ಆ ಪಿಸ್ತೂಲು ಕಣಕ್ಕಿಳಿಯುವಂತಿಲ್ಲ. ಒಳ್ಳೆಯ ಟ್ರಿಗರಿನಲ್ಲಿ ಆ ಒಂದು ಕಿಲೋ ಒತ್ತಡ ಎಲ್ಲಿ ಮುಗಿದು ಗುಂಡು ಎಲ್ಲಿ ಬಿಡುಗಡೆಯಾಗುತ್ತದೆ ಎಂಬ ಗೆರೆ ಸಾವಿರ ಸಲ ಎಳೆದರೂ ಕದಲುವುದಿಲ್ಲ. ಆಟಗಾರ ಹಣ ಸುರಿಯುವುದು ಆ ಗೆರೆಗೆ.

ಇಟ್ಟುಕೊಳ್ಳುವ ಮಾತಿಗೆ ಬರೋಣ. 1959ರ ಶಸ್ತ್ರ ಕಾಯಿದೆಯ ಪ್ರಕಾರ ಪಿಸ್ತೂಲಿಗೆ ಲೈಸೆನ್ಸ್ ಬೇಕು. ಸೈನ್ಯ, ಪೊಲೀಸರ 9 ಮಿ.ಮೀ. ಬೋರು ಸಾಮಾನ್ಯ ಪ್ರಜೆಗೆ ನಿಷಿದ್ಧ, .22 ಮತ್ತು .32 ಆ ನಿಷೇಧದ ಹೊರಗಿವೆ. 2019ರ ತಿದ್ದುಪಡಿ ಒಬ್ಬ ಲೈಸೆನ್ಸ್‌ದಾರ ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಕ್ರೀಡಾಪಟುಗಳಿಗೆ ಬೇರೆ ದಾರಿಯಿದೆ. ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಗದಿತ ಅಂಕ ದಾಟಿ 'ರಿನೌನ್ಡ್ ಶಾಟ್' ಎನಿಸಿಕೊಂಡವರಿಗೆ 2020ರ ಫೆಬ್ರವರಿಯ ನಿಯಮದಂತೆ ಒಂದು ಸ್ಪರ್ಧಾವಿಭಾಗಕ್ಕೆ 8, ಎರಡಕ್ಕೆ 10, ಅದಕ್ಕೂ ಹೆಚ್ಚಿದ್ದರೆ 12ರವರೆಗೆ ಆಯುಧ ಇಟ್ಟುಕೊಳ್ಳಲು ಅವಕಾಶವಿದೆ. ಕಲಿಯುತ್ತಿರುವ ಕಿರಿಯರಿಗೆ ಎರಡು. ವಿದೇಶದಿಂದ ತರಿಸಿಕೊಳ್ಳುವ ಹಾದಿಯೂ ಇವರಿಗೆ ತೆರೆದಿದೆ, ರಾಷ್ಟ್ರೀಯ ರೈಫಲ್ ಸಂಘದ ಶಿಫಾರಸು ಬೇಕು. ಮಿಕ್ಕವರಿಗೆ ಆ ಬಾಗಿಲು 1980ರ ದಶಕದಲ್ಲೇ ಮುಚ್ಚಿತು. ಅದಕ್ಕೆ ಮುಂಚೆ ದೇಶಕ್ಕೆ ಬಂದ ವಿದೇಶಿ ಪಿಸ್ತೂಲುಗಳೇ ಕೈಯಿಂದ ಕೈಗೆ ದಾಟುತ್ತಿವೆ. ಹೊರದೇಶದಲ್ಲಿ ಸಾಧಾರಣ ಎನಿಸುವ ಹಳೆಯ ವೆಬ್ಲಿ, ವಾಲ್ಟರ್ ಪಿಸ್ತೂಲುಗಳಿಗೆ ನಮ್ಮಲ್ಲಿ ಲಕ್ಷಗಟ್ಟಲೆ ಬೆಲೆ ಹೇಳುವುದಕ್ಕೆ ಇದೇ ಕಾರಣ. ಆ ಬೆಲೆ ಅಭಾವದ್ದು. ಅದನ್ನು ಗುಣದ ಬೆಲೆಯೆಂದು ನಂಬಿ ಕೊಂಡವರು ನಿರಾಶರಾಗುತ್ತಾರೆ.

ಗುಣದ ಬೆಲೆ ಕಟ್ಟುವವರು ನೋಡುವುದೇ ಬೇರೆ. ನಳಿಗೆಯೊಳಗೆ ದೀಪ ಹಿಡಿದು ಸುರುಳಿಗೆರೆಗಳು ಚೂಪಾಗಿವೆಯೇ ಎಂದು ನೋಡುತ್ತಾರೆ. ಚೌಕಟ್ಟು, ಸ್ಲೈಡ್, ನಳಿಗೆಗಳ ಮೇಲಿನ ನಂಬರು ತಾಳೆಯಾಗುತ್ತವೆಯೇ, ಮೂಲ ಮ್ಯಾಗಜಿನ್‌ಗಳಿವೆಯೇ, ಕಾರ್ಖಾನೆಯಲ್ಲಿ ಪರೀಕ್ಷಿಸಿದಾಗಿನ ಗುರಿಕಾಗದ ಪೆಟ್ಟಿಗೆಯಲ್ಲಿದೆಯೇ ಎಂದು ಕೇಳುತ್ತಾರೆ. ಹೆಮ್ಮರ್ಲಿ 208ರಂಥ ಪಿಸ್ತೂಲಿನ ತಯಾರಿ ನಿಂತಿರುವುದರಿಂದ ಒಂದು ಸಣ್ಣ ಸ್ಪ್ರಿಂಗ್ ಸಿಗದಿದ್ದರೂ ಇಡೀ ಪಿಸ್ತೂಲು ಪೆಟ್ಟಿಗೆ ಸೇರುತ್ತದೆ. ನಮ್ಮ ಸೀಮೆಯ ಹವೆಯೂ ಲೆಕ್ಕಕ್ಕೆ ಬರುತ್ತದೆ. ಕುಷ್ಟಗಿ, ಯಲಬುರ್ಗಾದ ಒಣ ಬೇಸಿಗೆಯಲ್ಲಿ ಮರದ ಹಿಡಿ ಬಿರಿಯಬಹುದು. ಗಂಗಾವತಿಯ ಗದ್ದೆ ಬಯಲಿನ ತೇವದಲ್ಲಿ ಉಕ್ಕಿಗೆ ತುಕ್ಕು ಬೇಗ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರಂತೂ ಚರ್ಮ ಹೀರಿದ ತೇವವೇ ಉಕ್ಕನ್ನು ತಿನ್ನುತ್ತದೆ. ಬಳಸಿದ ಮೇಲೆ ಬೆರಳಿನ ಬೆವರು ಒರೆಸಿ, ತೆಳುವಾಗಿ ಎಣ್ಣೆ ಸವರಿ, ತೋಟಾ ಬೇರೆ ಕಡೆ ಬೀಗದೊಳಗೆ, ಪಿಸ್ತೂಲು ಬೇರೆ ಕಡೆ ಬೀಗದೊಳಗೆ ಇಡಬೇಕು. ಇದರಲ್ಲಿ ರಿಯಾಯಿತಿಯಿಲ್ಲ.

ನಿಯಮಪುಸ್ತಕವೂ ಬೆಲೆಯನ್ನು ಏರಿಳಿಸುತ್ತದೆ. ಹಿಂದೆ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ .22 ಶಾರ್ಟ್ ಎಂಬ ಗಿಡ್ಡ ತೋಟಾ, ಕೈಯನ್ನು ಸುತ್ತುವ ಹಿಡಿ, ಹೂವಿನಷ್ಟು ಹಗುರದ ಟ್ರಿಗರ್ ನಡೆಯುತ್ತಿದ್ದವು. 2005ರಲ್ಲಿ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಇವೆಲ್ಲವನ್ನೂ ನಿಲ್ಲಿಸಿತು. ಅಲ್ಲಿಯವರೆಗೆ ಪದಕ ತಂದ ಪಿಸ್ತೂಲುಗಳು ಅಂದಿನಿಂದ ಸಂಗ್ರಾಹಕರ ಪಾಲಾದವು. 50 ಮೀಟರ್ ಪಿಸ್ತೂಲಿಗೂ ಹಾಗೇ ಆಯಿತು. 2016ರ ರಿಯೊ ಒಲಿಂಪಿಕ್ಸೇ ಅದಕ್ಕೆ ಕೊನೆ, ಆ ಕೊನೆಯ ಸ್ಪರ್ಧೆಯಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕಣದಲ್ಲಿದ್ದರು. 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲಿನ ಕಂಚು ಗೆದ್ದ ಅವರಿಗೆ ಅದೇ ವರ್ಷ ಮುಖದ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದ ಚಿನ್ನದಲ್ಲಿ ಪಾಲುಗೊಂಡರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ತಂದರು.

ಇವರಿಬ್ಬರ ಹೆಸರೂ ಏರ್ ಪಿಸ್ತೂಲಿನೊಂದಿಗೆ ಕೂಡಿಕೊಂಡಿರುವುದನ್ನು ನಮ್ಮ ಸೀಮೆಯ ಪಾಲಕರು ಗಮನಿಸಬೇಕೆಂದು ನನ್ನ ಆಸೆ. ನಿಯಮ ಹೇಳಿದ ಮಿತಿಯೊಳಗಿನ .177 ಬೋರಿನ ಗಾಳಿ ಪಿಸ್ತೂಲಿಗೆ ಶಸ್ತ್ರ ಲೈಸೆನ್ಸಿನ ಗೋಜಿಲ್ಲ. ಹತ್ತು ಮೀಟರ್ ದೂರ, ಹತ್ತು ಅಂಕದ ವೃತ್ತ 11.5 ಮಿ.ಮೀ., ಟ್ರಿಗರ್ 500 ಗ್ರಾಂ. ಶಾಲೆಯ ಒಂದು ಉದ್ದನೆಯ ಕೋಣೆ, ಗುಂಡು ತಡೆಯುವ ಗಟ್ಟಿ ಹಿಂಬದಿ, ಶಿಸ್ತು ಕಾಯುವ ಒಬ್ಬ ತರಬೇತುದಾರ ಇದ್ದರೆ ಕುಷ್ಟಗಿಯ ಹುಡುಗಿಯೂ ಕಲಿಯಬಹುದು. ಮೊದಲ ಆರು ತಿಂಗಳು ದುಬಾರಿ ಪಿಸ್ತೂಲು ಬೇಕೇ ಇಲ್ಲ. ನಿಲ್ಲುವುದು, ಉಸಿರು ಹಿಡಿಯುವುದು, ನಳಿಗೆಯ ತುದಿಯ ಮುಂಗುರಿಯ ಮೇಲೆ ಕಣ್ಣು ನೆಡುವುದು ಇವಕ್ಕೆ ಕ್ಲಬ್ಬಿನ ಪಿಸ್ತೂಲು ಸಾಕು. ಆಮೇಲೆ ರಾಜ್ಯ ಸ್ಪರ್ಧೆ, ವಲಯ, ರಾಷ್ಟ್ರೀಯ ಸ್ಪರ್ಧೆ. ಅಲ್ಲಿ ನಿಗದಿತ ಅಂಕ ಬಂದ ಮೇಲೆ ಇಟಲಿಯ ಪಾರ್ದಿನಿ ಬೇಕೋ ಸ್ವಿಟ್ಜರ್ಲೆಂಡಿನ ಮೊರಿನಿ ಬೇಕೋ ಎಂದು ಕೂತು ಯೋಚಿಸಿ, ತನ್ನ ಅಂಗೈಯ ಅಳತೆ ಬರೆದು ಅರ್ಜಿ ಹಾಕಬಹುದು.