ಹಲ್ಮಿಡಿಯ ಕಲ್ಲು, ನಮ್ಮೂರಿನ ಕಲ್ಲು



ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಹಲ್ಮಿಡಿ ಎಂಬ ಸಣ್ಣ ಊರಿದೆ. ಅಲ್ಲಿನ ವೀರಭದ್ರ ದೇವರ ಗುಡಿಯ ಎದುರಿಗಿದ್ದ ಕಲ್ಲೊಂದನ್ನು 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕ್ರಿ.ಶ. 450ರ ಸುಮಾರಿನ, 16 ಸಾಲಿನ ಶಾಸನ ಅದು.

ಅದರಲ್ಲಿರುವುದೇನು? ಮೊದಲಿಗೆ ವಿಷ್ಣುವಿನ ಸ್ತುತಿ, ಕದಂಬರ ಕಾಕುಸ್ಥನ ಹೆಸರು. ಆಮೇಲೆ ಬರುವುದು ಕಾಳಗದಲ್ಲಿ ಪರಾಕ್ರಮ ಮೆರೆದ ವಿಜ ಅರಸನ ಸಂಗತಿ. ಅವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಅವನ ಕತ್ತಿ ತೊಳೆದು ಗೌರವಿಸಿ, ದತ್ತಿ ಕೊಟ್ಟರು. ಅದನ್ನು ಕಸಿದವನಿಗೆ ಪಾಪ ಎಂದೂ ಬರೆಸಿದರು. ನಮ್ಮ ನುಡಿಯ ಅಷ್ಟು ಹಳೆಯ ದಾಖಲೆ ಒಂದು ಹಳ್ಳಿಯ ಹಕ್ಕುಪತ್ರದಂತಿದೆ ಎಂಬುದು ನನಗೆ ಬಹಳ ದೊಡ್ಡ ವಿಷಯ. ಆ ಪಲ್ಮಿಡಿಯೇ ಇಂದಿನ ಹಲ್ಮಿಡಿ.

ಮೂಲ ಕಲ್ಲು ಮೈಸೂರಿಗೆ ಹೋಯಿತು. ಮಳೆ ಬಿಸಿಲಿನಿಂದ ಅಕ್ಷರ ಉಳಿಯಬೇಕಾದರೆ ಅದು ಸರಿಯೇ. ಊರಿನಲ್ಲಿ ಈಗ ಅದರ ಪ್ರತಿಕೃತಿ ನಿಂತಿದೆ. ಊರಿನ ಮಗು ತನ್ನೂರಿನ ಹೆಸರನ್ನು ಊರಿನಲ್ಲೇ ನೋಡಬಹುದಲ್ಲ, ಅದು ಸಣ್ಣ ಮಾತಲ್ಲ.

ಈ ಭಾಗ್ಯ ಹಲ್ಮಿಡಿಗೆ ಮಾತ್ರವೇ? ಬಿ. ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 5ನೇ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಅಚ್ಚು ಹಾಕಿಸಿದರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಷ್ಟೋ ಹಳ್ಳಿಗಳು ಅದರಲ್ಲಿವೆ. ಶಾಸನ ಇಲ್ಲದ ಊರಿನಲ್ಲೂ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಒಂದು ವೀರಗಲ್ಲು ಸಿಗಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು; ಮೇಲೆ ಶಿವಲಿಂಗದ ಸನ್ನಿಧಿ. ದನಗಳನ್ನೂ ಕೆತ್ತಿದ್ದರೆ, ಊರಿನ ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಹೊಡೆದಾಡಿ ಸತ್ತ ಸಾಮಾನ್ಯ ಮನುಷ್ಯನನ್ನು ಊರು ನೆನೆದ ಬಗೆ ಇದು. ಅಂಥ ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ಕಂಡರೆ ಸಂಕಟವಾಗುತ್ತದೆ.

ಈ ಸಲದ ರಾಜ್ಯೋತ್ಸವಕ್ಕೆ ನಿಮ್ಮೂರಿನ ಶಾಲೆಯ ಜಗಲಿಯಲ್ಲೇ ಒಂದು ಪ್ರದರ್ಶನ ಮಾಡಿ. ಕಲ್ಲುಗಳ ಫೋಟೊ, ಹಳೆಯ ಕೊಳಗ, ಬಳ್ಳ, ಕೆರೆ ಕಟ್ಟೆಗಳ ಬಗ್ಗೆ ಅಜ್ಜ ಅಜ್ಜಿಯರು ಹೇಳಿದ್ದನ್ನು ಮಕ್ಕಳೇ ಬರೆದ ಹಾಳೆಗಳು, ಇಷ್ಟಿದ್ದರೆ ಸಾಕು. ಕಲ್ಲನ್ನು ಮಾತ್ರ ಕೀಳಬೇಡಿ, ಸುಣ್ಣ ಬಣ್ಣ ಬಳಿಯಬೇಡಿ. ಮೊದಲು ಊರಿನ ಹಿರಿಯರೊಬ್ಬರನ್ನು ಕೇಳಿ, ನಮ್ಮೂರ ವೀರಗಲ್ಲು ಎಲ್ಲಿದೆ ಎಂದು.